ಗದ್ದದ ಕೆಳಗಿನ ನೆರಳು ಕಪ್ಪಲ್ಲ

[ದೃಶ್ಯ: ಈಸೆಲ್ (ಚಿತ್ರ ನಿಲ್ಲಿಸುವ ಸ್ಟ್ಯಾಂಡ್) ಮೇಲೆ ಅರ್ಧ ಮುಗಿದ ಅಜ್ಜಿಯ ಮುಖ. ಎಡಕ್ಕೆ ಕಿಟಕಿ.]

ನಮಸ್ಕಾರ. ಇದು ನಮ್ಮ ಅಜ್ಜಿ. ಹೋಲಿಕೆ ಚೆನ್ನಾಗಿ ಬಂದಿದೆ. ಆದರೆ ಗದ್ದದ ಕೆಳಗೆ ನೋಡಿ, ಮಸಿ ಮೆತ್ತಿದ ಹಾಗಿದೆ ಅಲ್ವಾ? ಮೈಬಣ್ಣಕ್ಕೆ ಕಪ್ಪು ಬೆರೆಸಿ ನೆರಳು ಅಂತ ಹಚ್ಚಿದ್ದರಿಂದ ಹೀಗಾಗಿದೆ. ಇವತ್ತು ಇದನ್ನೇ ಸರಿ ಮಾಡೋಣ.

[ದೃಶ್ಯ: ಪ್ಯಾಲೆಟ್ (ಬಣ್ಣ ಬೆರೆಸುವ ಹಲಗೆ), ಹತ್ತಿರದಿಂದ.]

ಐವರಿ ಬ್ಲ್ಯಾಕ್ ಅನ್ನುವ ಕಪ್ಪು ಬಣ್ಣಕ್ಕೆ ಸ್ವಲ್ಪ ಬಿಳಿ ಸೇರಿಸುತ್ತೇನೆ. ಬಂದ ಬೂದಿ ಬಣ್ಣದಲ್ಲಿ ತೆಳು ನೀಲಿ ಕಾಣುತ್ತದೆ. ಅದೇ ಕಪ್ಪನ್ನು ಮಣ್ಣಿನ ಹಳದಿಯಾದ ಯೆಲ್ಲೋ ಓಕರ್‌ಗೆ ಸೇರಿಸಿದರೆ? ಹಸಿರು! ನಮ್ಮ ಮೈಬಣ್ಣದಲ್ಲಿ ಓಕರ್ ಜಾಸ್ತಿ ಇರುತ್ತದೆ. ಅದಕ್ಕೇ ಮುಖ ಸೊರಗಿದಂತೆ ಕಾಣುವುದು.

ಹಾಗಂತ ಕಪ್ಪನ್ನು ಎಸೆಯಬೇಡಿ. ಸ್ವೀಡನ್‌ನ ಚಿತ್ರಕಾರ ಆಂಡರ್ಸ್ ಜೋರ್ನ್ (1860–1920) ಹೆಸರಿನಲ್ಲೇ ಒಂದು ಪ್ಯಾಲೆಟ್, ಅಂದರೆ ಬಣ್ಣಗಳ ಗುಂಪು ಇದೆ. ಬಿಳಿ, ಓಕರ್, ವರ್ಮಿಲಿಯನ್ ಕೆಂಪು, ಕಪ್ಪು, ಇಷ್ಟೇ. ಅಲ್ಲಿ ಕಪ್ಪು ನೀಲಿಯ ಕೆಲಸ ಮಾಡುತ್ತದೆ. ಬಣ್ಣವನ್ನು ಕತ್ತಲೆ ಮಾಡಲಿಕ್ಕೆ ಮಾತ್ರ ಬಳಸಿದಾಗ ತೊಂದರೆ.

[ದೃಶ್ಯ: ಪ್ಯಾಲೆಟ್ ನೈಫ್‌ನಿಂದ ಗದ್ದದ ಕೆಳಗಿನ ಬಣ್ಣ ಕೆರೆಯುವುದು.]

ಕಪ್ಪು ಎಣ್ಣೆಬಣ್ಣ ನಿಧಾನ ಒಣಗುತ್ತದೆ. ಹಾಗಾಗಿ ಇನ್ನೂ ಹಸಿ ಇದೆ, ಕೆರೆದು ತೆಗೆಯಬಹುದು. ಈಗ ಕೆಂಪುಕಂದು ಬಣ್ಣದ ಬರ್ನ್ಟ್ ಸಿಯೆನ್ನಾಗೆ ಅಲ್ಟ್ರಾಮರೀನ್ ನೀಲಿ, ಒಂದು ಚಿಟಿಕೆ ಅಲಿಜರಿನ್ ಕೆಂಪು. ನೋಡಿ, ಕಪ್ಪಿನಷ್ಟೇ ಗಾಢ, ಆದರೆ ಒಳಗೆ ರಕ್ತ ಹರಿಯುವ ಹಾಗಿದೆ.

ಕಿಟಕಿಯಿಂದ ಮೋಡದ ತಣ್ಣನೆ ಬೆಳಕು ಬರುತ್ತಿದೆ. ಹಾಗಾಗಿ ನೆರಳು ಬೆಚ್ಚಗೆ ಕಾಣುತ್ತದೆ, ಸಿಯೆನ್ನಾ ಜಾಸ್ತಿ. ಹಳದಿ ಬಲ್ಬಿನ ಕೆಳಗೆ ಕೂತಿದ್ದರೆ ನೀಲಿ ಜಾಸ್ತಿ ಹಾಕುತ್ತಿದ್ದೆ.

ಹಚ್ಚುವ ಮುಂಚೆ ಕಣ್ಣು ಕಿರಿದು ಮಾಡಿ ನೋಡಿ. ಬಣ್ಣ ಮಂಕಾಗಿ, ಬೆಳಕು ಕತ್ತಲೆಯ ಹಂತ ಮಾತ್ರ ಉಳಿಯುತ್ತದೆ. ಆ ಹಂತ ತಪ್ಪಿದರೆ ಎಂಥ ಒಳ್ಳೆ ಬಣ್ಣವೂ ಕೆಲಸಕ್ಕೆ ಬಾರದು.

ನೆರಳನ್ನು ತೆಳುವಾಗಿ ಹಚ್ಚಿ, ಬೆಳಕನ್ನು ದಪ್ಪ ಹಚ್ಚಿ. ಡಚ್ ಚಿತ್ರಕಾರ ರೆಂಬ್ರಾಂಟ್‌ನ ಸ್ವಚಿತ್ರಗಳನ್ನು ನೋಡಿ: ಹಣೆ ಮೂಗಿನ ಮೇಲೆ ಬಣ್ಣ ಉಬ್ಬಿ ನಿಂತಿದೆ, ನೆರಳು ಮಾತ್ರ ಪಾರದರ್ಶಕ. ಬೆಳಕು ನೆರಳಿಗೆ ತಿರುಗುವ ಅಂಚಲ್ಲಿ ಮೈಬಣ್ಣದ ಕೆಂಪು, ಕಿತ್ತಳೆ ಚೆನ್ನಾಗಿ ಕಾಣುತ್ತದೆ. ಬ್ರಷ್‌ನಿಂದ ಅದನ್ನು ಸುಮ್ನೆ ಉಜ್ಜಿ ಒಂದು ಮಾಡಿಬಿಡಬೇಡಿ. ಅಲ್ಲೇ ಮುಖಕ್ಕೆ ಜೀವ.

ಮೈಸೂರಿಗೆ ಹೋದರೆ ಜಗನ್ಮೋಹನ ಅರಮನೆಯಲ್ಲಿ ಚಿತ್ರಕಾರ ಹಲ್ದಣಕರ್ ಅವರ ದೀಪ ಹಿಡಿದ ಮಹಿಳೆಯ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅದು ಜಲವರ್ಣ, ಎಣ್ಣೆಬಣ್ಣ ಅಲ್ಲ. ಆದರೂ ದೀಪಕ್ಕೆ ಅಡ್ಡ ಹಿಡಿದ ಬೆರಳುಗಳನ್ನು ಗಮನಿಸಿ. ಬೆಳಕು ಬೆರಳಿನ ಮೂಲಕ ಹಾದು ಕೆಂಪಾಗಿ ಹೊಳೆಯುತ್ತದೆ. ನಮ್ಮ ಕಿವಿಯ ಅಂಚು, ಮೂಗಿನ ಹೊಳ್ಳೆಯಲ್ಲೂ ಇದೇ ಕೆಂಪು ಇಣುಕುತ್ತದೆ. ಅಲ್ಲಿ ಬೂದಿ ಬಣ್ಣ ಹಾಕಲು ನನಗಂತೂ ಮನಸ್ಸು ಬರುವುದಿಲ್ಲ.

[ದೃಶ್ಯ: ಗದ್ದದ ಕೆಳಭಾಗ, ತುಂಬಾ ಹತ್ತಿರದಿಂದ.]

ಕೊನೆಗೆ ಸೀರೆ. ಅಜ್ಜಿ ಉಟ್ಟಿರುವುದು ಕುಂಕುಮ ಬಣ್ಣದ್ದು. ಅದರ ಮೇಲೆ ಬಿದ್ದ ಬೆಳಕು ಪುಟಿದು ಗದ್ದದ ಅಡಿಗೆ ತಾಗುತ್ತಿದೆ. ನೆರಳಿನ ಬಣ್ಣಕ್ಕೇ ಸ್ವಲ್ಪ ವರ್ಮಿಲಿಯನ್, ಒಂದಿಷ್ಟು ಓಕರ್. ಇದು ಬೆಳಕಿನ ಕಡೆಯ ಕೆನ್ನೆಗಿಂತ ಮಬ್ಬಾಗಿಯೇ ಇರಬೇಕು. ಇಲ್ಲದಿದ್ದರೆ ಗದ್ದ ಗಾಜಿನಂತೆ ಹೊಳೆಯುತ್ತದೆ.

ಒಂದೇ ಎಳೆ. ಆಯಿತು. ಎರಡು ಹೆಜ್ಜೆ ಹಿಂದೆ ಹೋಗಿ ನೋಡುತ್ತೇನೆ. ಕತ್ತು ಈಗ ಗದ್ದದ ಹಿಂದಕ್ಕೆ ಸರಿದಿದೆ.