ಪಹಣಿ ಇಲ್ಲದವನ ತಪ್ಪು

(ಸಾಗರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ವೇದಿಕೆಯ ಮೇಲಿರುವ ಹಿರಿಯರೇ, ಎದುರು ಕುಳಿತಿರುವ ಸ್ನೇಹಿತರೇ,

"ಬಡತನಕ್ಕೆ ಬಡವರೇ ಹೊಣೆಯೇ?" ಎಂಬ ವಿಷಯದ ಮೇಲೆ ಮಾತನಾಡಬೇಕು ಎಂದು ಸಂಘಟಕರು ಕೇಳಿದಾಗ ನನಗೆ ಮುಜುಗರವಾಯಿತು. ನಾನು ಅರ್ಥಶಾಸ್ತ್ರ ಓದಿದವನಲ್ಲ. ಮೂವತ್ತೊಂದು ವರ್ಷ ಒಂದು ಸೇವಾ ಸಹಕಾರ ಸಂಘದಲ್ಲಿ ಲೆಕ್ಕ ಬರೆದೆ. ಅದರಲ್ಲಿ ಕೊನೆಯ ಹದಿನೈದು ವರ್ಷ ಕಾರ್ಯದರ್ಶಿಯಾಗಿದ್ದೆ. ಮನೆಯಲ್ಲಿ ಒಂದೂವರೆ ಎಕರೆ ಅಡಿಕೆ ತೋಟವಿದೆ. ಓದಿನ ಕೊರತೆಗೆ ನಾನು ಅಷ್ಟು ಹೆದರುವವನಲ್ಲ. ಹತ್ತು ಹನ್ನೆರಡು ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೆ "ಹೌದು, ಅವರೇ ಹೊಣೆ" ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದೆನಲ್ಲ, ಮುಜುಗರ ಅದರದ್ದು. ಹಾಗೆ ಹೇಳಿದ್ದೂ ಇದೆ. ಅದನ್ನು ಕೇಳಿಸಿಕೊಂಡವರು ಈ ಸಭೆಯಲ್ಲಿ ಇಬ್ಬರು ಮೂವರಾದರೂ ಇದ್ದಾರೆ. ಅವರು ನಗುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ.

ಅದು 2014ರಲ್ಲಿ ಅಡಿಕೆಯ ಕೊನೆ, ಅಂದರೆ ಗೊನೆ, ಕೊಯ್ಯುವ ಕಾಲ. ಹಿಂದಿನ ವರ್ಷದ ಜುಲೈನಲ್ಲಿ ಅನ್ನಭಾಗ್ಯ ಬಂದಿತ್ತು. ಕಿಲೋಗೆ ಒಂದು ರೂಪಾಯಿಯಂತೆ ಕುಟುಂಬಕ್ಕೆ 30 ಕಿಲೋವರೆಗೆ ಅಕ್ಕಿ. ನಮ್ಮ ತೋಟದ ಕೊನೆ ಇಳಿಸುವವನು ಆ ವರ್ಷ ಬರಲೇ ಇಲ್ಲ. ಕಾಯಿ ಹಣ್ಣಾಗಿ ಉದುರತೊಡಗಿತು. ಅದೇ ವಾರ ಒಂದು ಮದುವೆ ಮನೆಯಲ್ಲಿ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ನಾನು ಆಡಿದ ಮಾತು ಇದು: "ಮೂವತ್ತು ರೂಪಾಯಿಗೆ ತಿಂಗಳ ಅಕ್ಕಿ ಸಿಕ್ಕಿದ ಮೇಲೆ ಯಾವನು ಮರ ಹತ್ತುತ್ತಾನೆ?" ಇಡೀ ಪಂಕ್ತಿ ತಲೆಯಾಡಿಸಿತು. ಅಂಥ ಮಾತಿಗೆ ಪಂಕ್ತಿ ಯಾವಾಗಲೂ ತಲೆಯಾಡಿಸುತ್ತದೆ.

ನಾಲ್ಕು ದಿನ ಬಿಟ್ಟು ಅವನ ಮನೆಗೇ ಹೋದೆ. ಅವನಿರಲಿಲ್ಲ. ಅವನ ಹೆಂಡತಿ ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಬೇರೆ ಯಾರದ್ದೋ ಅಡಿಕೆ ಸುಲಿಯುತ್ತಿದ್ದಳು. ಹೆಬ್ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡಿದ್ದಳು. ಉಳಿದ ಬೆರಳುಗಳು ಚೊಗರು ಹತ್ತಿ ಕಪ್ಪಾಗಿದ್ದವು. ಕಾಯಿಯನ್ನು ಕತ್ತಿಗೆ ಒತ್ತಿ ಒಂದು ತಿರುವು, ಮತ್ತೊಂದು ತಿರುವು, ಸಿಪ್ಪೆ ಹಿಂದಕ್ಕೆ, ಅಡಿಕೆ ಬುಟ್ಟಿಗೆ. ನನ್ನನ್ನು ಮಾತನಾಡಿಸುವಾಗಲೂ ಕೈ ನಿಲ್ಲಲಿಲ್ಲ. ಕೂಲಿ ಡಬ್ಬದ ಲೆಕ್ಕದಲ್ಲಿ. ಕೈ ನಿಂತರೆ ಡಬ್ಬ ತುಂಬುವುದಿಲ್ಲ.

"ಕುಳಿತುಕೊಳ್ಳಿ ಸೆಕ್ರೆಟರಿಗಳೇ. ಅವರು ಚನ್ನಗಿರಿ ಕಡೆ ಹೋಗಿ ಇಪ್ಪತ್ತು ದಿನವಾಯಿತು. ಅಲ್ಲಿ ಇಲ್ಲಿಗಿಂತ ಒಂದೂವರೆ ಪಟ್ಟು ಕೂಲಿ, ಊಟವನ್ನೂ ಹಾಕುತ್ತಾರಂತೆ."

ಸೋಮಾರಿಯಾದ ಮನುಷ್ಯ ನೂರು ಕಿಲೋಮೀಟರ್ ಆಚೆ ಹೋಗಿ ಮರ ಹತ್ತುತ್ತಿದ್ದ. "ಕೆಲಸಕ್ಕೆ ಜನ ಸಿಗುವುದಿಲ್ಲ" ಎಂದು ನಾನು ಹೇಳುತ್ತಿದ್ದ ವಾಕ್ಯದಲ್ಲಿ "ನಾನು ಕೊಡುವ ಕೂಲಿಗೆ" ಎಂಬ ಮೂರು ಪದ ಬಿಟ್ಟುಹೋಗಿದ್ದವು. ಹಳೆಯ ಕೂಲಿಗೆ ಅವನು ಬರುತ್ತಿದ್ದುದು ಆ ತಿಂಗಳ ಅಕ್ಕಿಗೆ ಬೇರೆ ದಾರಿಯಿಲ್ಲದೆ. ಅಕ್ಕಿ ಮನೆಗೆ ಬಂದ ಮೇಲೆ, ಇಪ್ಪತ್ತು ದಿನ ಹೆಂಡತಿ ಮಕ್ಕಳನ್ನು ಬಿಟ್ಟು ಹೋಗಿ ಒಳ್ಳೆಯ ಕೂಲಿ ಹುಡುಕುವ ಧೈರ್ಯ ಬಂತು. ಅನ್ನಭಾಗ್ಯ ಕಸಿದುಕೊಂಡಿದ್ದರೆ ನನ್ನ ಚೌಕಾಸಿಯ ಬಲವನ್ನು ಕಸಿದುಕೊಂಡಿತ್ತು. ಅದಕ್ಕೆ ನನಗೆ ಸಿಟ್ಟು ಬಂದಿತ್ತು. ಆ ಸಿಟ್ಟಿಗೆ ನಾನು ನೀತಿಯ ಅಂಗಿ ತೊಡಿಸಿದ್ದೆ.

ಲೆಕ್ಕ ಬರೆದವನಾದ್ದರಿಂದ ಒಂದು ಸಣ್ಣ ಲೆಕ್ಕ. 2023ರಲ್ಲಿ ಅಕ್ಕಿ ಸಾಲದೆ ಹೋದಾಗ ಸರ್ಕಾರ ಐದು ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. ಐದು ಜನರ ಮನೆಗೆ ತಿಂಗಳಿಗೆ 850 ರೂಪಾಯಿ. ಈ ದುಡ್ಡಿಗೆ ಕೆಲಸ ಬಿಟ್ಟು ಜಗಲಿಯ ಮೇಲೆ ಮಲಗುವ ಸಂಸಾರಸ್ಥ ಯಾರಾದರೂ ಇದ್ದರೆ ತೋರಿಸಿ, ನಾನೂ ನೋಡಬೇಕು. ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಆರು ದೇಶಗಳಲ್ಲಿ ಬಡವರಿಗೆ ನೇರವಾಗಿ ಹಣ ಕೊಡುವ ಏಳು ಕಾರ್ಯಕ್ರಮಗಳ ಅಂಕಿಅಂಶ ತೆಗೆದು ನೋಡಿದರು. ಹಣ ಪಡೆದವರು ದುಡಿಮೆ ಬಿಟ್ಟರು ಎನ್ನುವುದಕ್ಕೆ ಹೇಳಿಕೊಳ್ಳುವಂಥ ಆಧಾರ ಸಿಗಲಿಲ್ಲ. ಆ ಜಗಲಿಯಲ್ಲಿ ಕುಳಿತಿದ್ದ ಹೆಣ್ಣುಮಗಳು ನನಗೆ ಅದನ್ನು ಕೈ ನಿಲ್ಲಿಸದೆ ಹೇಳಿದ್ದಳು.

ಈಗ ನನ್ನ ವಿಷಯಕ್ಕೆ ಬರುತ್ತೇನೆ, ಅಂದರೆ ಸಾಲಕ್ಕೆ. ಪುಕ್ಕಟೆ ಎಂಬ ಶಬ್ದವನ್ನು ನಾವು ಬಡವರ ಅಕ್ಕಿಗೆ ಮಾತ್ರ ಏಕೆ ಮೀಸಲಿಟ್ಟಿದ್ದೇವೆ? ಸಹಕಾರ ಸಂಘದಲ್ಲಿ ರೈತನಿಗೆ ಸೊನ್ನೆ ಬಡ್ಡಿಯ ಬೆಳೆಸಾಲವಿದೆ. 3 ಲಕ್ಷವಿದ್ದ ಮಿತಿಯನ್ನು 2023ರಲ್ಲಿ 5 ಲಕ್ಷಕ್ಕೆ ಏರಿಸಿದರು. ಸೊನ್ನೆ ಎಂದರೆ ಸೊನ್ನೆ. ಆ ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ. 2017ರಲ್ಲಿ ಸಹಕಾರ ಸಂಘಗಳ ಬೆಳೆಸಾಲದಲ್ಲಿ 50,000 ರೂಪಾಯಿವರೆಗೆ ಮನ್ನಾ ಆಯಿತು. ನಮ್ಮ ಸಂಘದ ಪಟ್ಟಿ ಬರೆದವನು ನಾನೇ, ನೋಟೀಸ್ ಬೋರ್ಡಿಗೆ ಅಂಟಿಸಿದವನೂ ನಾನೇ. ಆ ಪಟ್ಟಿಯಲ್ಲಿ ನನ್ನ ಹೆಂಡತಿಯ ಹೆಸರಿತ್ತು, ತೋಟ ಅವಳ ಖಾತೆಯಲ್ಲಿರುವುದರಿಂದ. ಅವತ್ತು ಯಾರೂ ನಮ್ಮನ್ನು ಸೋಮಾರಿಗಳು ಎನ್ನಲಿಲ್ಲ. "ರೈತನಿಗೆ ಸ್ವಲ್ಪ ಉಸಿರಾಡಲು ಆಯಿತು" ಎಂದರು. ಅದು ಸರಿಯಾದ ಮಾತೇ. ಕೊಳೆ ರೋಗ ಬಂದ ವರ್ಷ ತೋಟದವನ ಪಾಡು ಏನು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಈ ಉಸಿರು ಸಿಗಬೇಕಾದರೆ ಪಹಣಿ ಬೇಕು, ಅಂದರೆ ಜಮೀನು ಯಾರದ್ದೆಂದು ಹೇಳುವ ಸರ್ಕಾರಿ ಕಾಗದ. ನಮ್ಮ ಕೊನೆ ಇಳಿಸುವವನು ನನ್ನ ಮೇಜಿನ ಮುಂದೆ ಮೂರು ಸಲ ಬಂದು ನಿಂತಿದ್ದ. ಮೂರು ಸಲವೂ ನಾನು ಕೇಳಿದ್ದು ಒಂದೇ: "ಪಹಣಿ ತಂದಿದ್ದೀಯಾ?" ಅವನು ಸಾಗುವಳಿ ಮಾಡುವ ಜಾಗಕ್ಕೆ ಪಹಣಿ ಇಲ್ಲ. ಹಾಗಾಗಿ ಅವನ ಹೆಂಡತಿ ಮೈಕ್ರೋಫೈನಾನ್ಸ್ ಸಾಲ ತೆಗೆದಳು, ವರ್ಷಕ್ಕೆ ಶೇಕಡ ಇಪ್ಪತ್ತು ದಾಟಿದ ಬಡ್ಡಿಗೆ. ವಾರದ ಕಂತು ತಪ್ಪಿದರೆ ಬಾಗಿಲಲ್ಲಿ ವಸೂಲಿಯವರ ಬೈಕ್ ನಿಲ್ಲುತ್ತದೆ. ಆ ಬೈಕುಗಳ ಕಾಟ ಮಿತಿಮೀರಿ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಒಂದೇ ಊರು, ಒಂದೇ ಮಳೆ, ಒಂದೇ ತೋಟದಲ್ಲಿ ಇಬ್ಬರಿಗೂ ಕೆಲಸ. ನನಗೆ ಸೊನ್ನೆ, ಅವನಿಗೆ ಇಪ್ಪತ್ತರ ಮೇಲೆ. ಹತ್ತು ವರ್ಷದ ಮೇಲೆ ನಾವಿಬ್ಬರೂ ಎಲ್ಲಿರುತ್ತೇವೆ ಎಂದು ಹೇಳಲು ಅವನ ಗುಣವನ್ನೂ ನನ್ನ ಗುಣವನ್ನೂ ಪರೀಕ್ಷಿಸಬೇಕಾಗಿಲ್ಲ, ಒಂದು ಕ್ಯಾಲ್ಕುಲೇಟರ್ ಸಾಕು.

ಅವನಿಗೆ ಪಹಣಿ ಏಕಿಲ್ಲ? ಇದು ನಮ್ಮ ತಾಲ್ಲೂಕಿನವರಿಗೆ ಹೇಳಬೇಕಾದ ಕಥೆಯೇ ಅಲ್ಲ, ಆದರೂ ಹೇಳುತ್ತೇನೆ. ಅವನ ಅಪ್ಪನಿಗೆ ಶರಾವತಿ ಕಣಿವೆಯಲ್ಲಿ ಗದ್ದೆಯಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ಕಣಿವೆ ಮುಳುಗಿತು. ಜನರನ್ನು, ದನಗಳನ್ನು, ಮಡಕೆ ಕುಡಿಕೆಗಳನ್ನು ಲಾರಿಗಳಲ್ಲಿ ತುಂಬಿ ತಂದು ಕಾಡಿನಲ್ಲಿ ಇಳಿಸಿದರು. ಇಳಿಸಿದ ಜಾಗ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬಿಡಿಸಿಕೊಡಲು ಕೇಂದ್ರದ ಅನುಮತಿ ಬೇಕಾಯಿತು. ರಾಜ್ಯ ಸರ್ಕಾರ ಆ ಅನುಮತಿಯಿಲ್ಲದೆ ಡಿನೋಟಿಫಿಕೇಶನ್, ಅಂದರೆ ಜಾಗವನ್ನು ಅರಣ್ಯದ ಪಟ್ಟಿಯಿಂದ ಕೈಬಿಡುವ ಆದೇಶ, ಹೊರಡಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸರಿ, 2006ರ ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ ಎನ್ನುತ್ತೀರಿ. ಅದರಲ್ಲಿ ಬುಡಕಟ್ಟಿನವರಲ್ಲದವರು 2005ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದಕ್ಕೆ ಸಾಕ್ಷಿ ಕೊಡಬೇಕು. ಲೆಕ್ಕ ಹಾಕಿ: 1930ರಿಂದ. ಸರ್ಕಾರವೇ 1960ರ ದಶಕದಲ್ಲಿ ಲಾರಿಯಲ್ಲಿ ತಂದು ಇಳಿಸಿದ ಮನುಷ್ಯ, 1930ರಿಂದ ಅಲ್ಲೇ ಇದ್ದೆ ಎಂದು ತೋರಿಸಬೇಕು! ಇಷ್ಟು ಚಂದದ ಬಲೆಯನ್ನು ಜೇಡವೂ ನೇಯಲಾರದು.

ಆ ಮುಳುಗಡೆಯ ನೀರಿನಿಂದ ಹುಟ್ಟಿದ ವಿದ್ಯುತ್ತಿನಿಂದ ರಾಜ್ಯದ ಕಾರ್ಖಾನೆಗಳು ನಡೆದವು, ಬೆಂಗಳೂರು ಬೆಳಗಿತು. ಹಿನ್ನೀರಿನ ಆಚೆ ಉಳಿದವರು ಅರವತ್ತು ವರ್ಷ ಲಾಂಚಿಗೆ ಕಾದರು; ಸಿಗಂದೂರಿನ ಸೇತುವೆ ತೆರೆದದ್ದು 2025ರಲ್ಲಿ. ಹೆರಿಗೆ ನೋವಿನವರು, ಹಾವು ಕಚ್ಚಿದವರು, ಪರೀಕ್ಷೆಗೆ ಹೊರಟ ಮಕ್ಕಳು ಎಲ್ಲರೂ ಲಾಂಚಿನ ಗಂಟೆಗೆ ಬದುಕಬೇಕಾಯಿತು. ಇದರಲ್ಲಿ ಯಾವ ಸೋಮಾರಿತನವನ್ನು ಹುಡುಕೋಣ?

ಕಾಗೋಡು ಇಲ್ಲಿಂದ ದೂರವಿಲ್ಲ. 1951ರಲ್ಲಿ ಅಲ್ಲಿನ ಗೇಣಿದಾರರು ಎದ್ದು ನಿಂತದ್ದನ್ನು ನಾವು ಭಾಷಣಗಳಲ್ಲಿ ಹೆಮ್ಮೆಯಿಂದ ನೆನೆಯುತ್ತೇವೆ. ಹೋರಾಟ ಕಟ್ಟಿದ ಗಣಪತಿಯಪ್ಪನವರ ಹೆಸರು ಹೇಳುತ್ತೇವೆ, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದದ್ದನ್ನು ಹೇಳುತ್ತೇವೆ, ಮರುವರ್ಷ ಸಮಾಜವಾದಿ ಗೋಪಾಲಗೌಡರು ಚುನಾವಣೆ ಗೆದ್ದದ್ದನ್ನು ಹೇಳುತ್ತೇವೆ. ಆದರೆ ಜಗಳದ ಮೊದಲ ಕಿಡಿ ಏನು? ಒಂದು ಕೊಳಗ. ಗೇಣಿಯ ಭತ್ತ ಅಳೆಯುವ ಕೊಳಗ ಇರಬೇಕಾದುದಕ್ಕಿಂತ ದೊಡ್ಡದಾಗಿತ್ತು. ಆ ಕೊಳಗದಲ್ಲಿ ಎಷ್ಟು ಸುರಿದರೂ ಗೇಣಿದಾರನ ಭತ್ತ ಕಡಿಮೆಯೇ ಬೀಳುತ್ತದೆ. ಬಾಕಿ ಉಳಿಸಿಕೊಂಡವನು ಎಂಬ ಹೆಸರು ಅವನಿಗೇ ಬರುತ್ತದೆ. ನಾನು ಪಂಕ್ತಿಯಲ್ಲಿ ಕುಳಿತು ಆಡಿದ ಮಾತನ್ನು ನೆನೆದಾಗಲೆಲ್ಲ ಆ ಕೊಳಗ ಕಣ್ಣ ಮುಂದೆ ಬರುತ್ತದೆ.

"ಹಾಗಾದರೆ ಕುಡಿತ?" ಎಂದು ಕೇಳುವವರಿದ್ದಾರೆ. ಕೇಳಲಿ, ಕೇಳಬೇಕಾದದ್ದೇ. ಕುಡಿದು ಮನೆ ಹಾಳು ಮಾಡಿದವರನ್ನು ನಾನು ಕಂಡಿದ್ದೇನೆ. ಹೆಂಡತಿಯ ಕಿವಿಯೋಲೆ ಗಿರವಿಗೆ ತಂದವನಿಗೆ ಸಾಲ ಕೊಡದೆ ಬೈದು ಕಳಿಸಿದ್ದೇನೆ; ಅದಕ್ಕೆ ಇವತ್ತೂ ಪಶ್ಚಾತ್ತಾಪವಿಲ್ಲ. ಬಡವ ಎಂದ ಮಾತ್ರಕ್ಕೆ ಹೆಂಡತಿಯನ್ನು ಹೊಡೆದವನನ್ನು ಮುದ್ದು ಮಾಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಇನ್ನೊಂದು ಬದಿಯನ್ನೂ ಅದೇ ಕೊಳಗದಲ್ಲಿ ಅಳೆಯಿರಿ. ತೋಟದವರ ಮಗ ಕುಡಿದರೆ "ಸಹವಾಸ ದೋಷ", ಕೂಲಿಯವನು ಕುಡಿದರೆ "ಅವರ ಜಾತಿಯೇ ಹಾಗೆ". ಸಾರಾಯಿಯನ್ನು 2007ರ ಜುಲೈನಲ್ಲಿ ನಿಲ್ಲಿಸಿದರು. ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಪೊಟ್ಟಣ ಬಂತು. ರಾಜ್ಯದ ಅಬಕಾರಿ ಆದಾಯ ಈಗ ವರ್ಷಕ್ಕೆ 30,000 ಕೋಟಿ ರೂಪಾಯಿ ದಾಟಿದೆ. ಬಡವನಿಗೆ ಕೊಟ್ಟ ಅಕ್ಕಿಯ ಲೆಕ್ಕವನ್ನು ದಿನವೂ ಕೇಳುವ ನಾವು, ಅವನ ಪೊಟ್ಟಣದಿಂದ ಖಜಾನೆಗೆ ಬಿದ್ದ ದುಡ್ಡಿನ ಲೆಕ್ಕವನ್ನು ಒಮ್ಮೆಯೂ ಕೇಳುವುದಿಲ್ಲ.

ಭದ್ರಾವತಿಯ ಬಗ್ಗೆ ಎರಡೇ ಮಾತು. 2015ರಲ್ಲಿ ಕಾಗದ ಕಾರ್ಖಾನೆಯ ಯಂತ್ರಗಳು ನಿಂತವು. ಅದುವರೆಗೆ ಪಾಳಿಯ ಸೈರನ್ನಿಗೆ ಎದ್ದು ಹೋಗುತ್ತಿದ್ದವರು ಒಂದೇ ವರ್ಷದಲ್ಲಿ ಆಲಸಿಗಳಾದರೆಂದು ನಂಬಬೇಕಾದರೆ ತುಂಬಾ ಕಷ್ಟಪಡಬೇಕು.

ಬಡವರ ತೀರ್ಮಾನಗಳು ತಪ್ಪುವುದಿಲ್ಲವೇ? ತಪ್ಪುತ್ತವೆ. ಇದರ ಬಗ್ಗೆ ನನ್ನ ಮೇಜಿನ ಅನುಭವವಿದೆ. ಆಷಾಢದಲ್ಲಿ ಬರುವ ಮನುಷ್ಯನೇ ಬೇರೆ, ಸಂಕ್ರಾಂತಿಗೆ ಬರುವ ಮನುಷ್ಯನೇ ಬೇರೆ, ಹೆಸರು ಒಂದೇ ಆದರೂ. ಆಷಾಢದ ಮಳೆಯಲ್ಲಿ ಕೆಲಸವಿಲ್ಲ, ಒಲೆಗೆ ಒಣ ಸೌದೆಯಿಲ್ಲ, ಅಂಗಡಿಯವನು ಕಡ ಕೊಡುವುದನ್ನು ನಿಲ್ಲಿಸಿರುತ್ತಾನೆ. ಆಗ ಯಾವ ಕಾಗದ ಇಟ್ಟರೂ ಸಹಿ ಹಾಕುತ್ತಾನೆ, ಚಿಲ್ಲರೆ ಎಣಿಸುವಾಗ ತಪ್ಪುತ್ತಾನೆ, ಹೇಳಿದ್ದು ತಲೆಗೆ ಹೋಗುವುದಿಲ್ಲ. ಸಂಕ್ರಾಂತಿಗೆ ಅದೇ ಮನುಷ್ಯ ನನ್ನ ಬಡ್ಡಿ ಲೆಕ್ಕದಲ್ಲಿ ಎರಡು ರೂಪಾಯಿ ತಪ್ಪು ಹಿಡಿಯುತ್ತಾನೆ. ಇದು ನನ್ನ ಭ್ರಮೆಯೆಂದುಕೊಂಡಿದ್ದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು ಒಮ್ಮೆ, ಕಟಾವಿನ ಹಣ ಬಂದ ಮೇಲೆ ಒಮ್ಮೆ ಪರೀಕ್ಷೆಗೆ ಕೂರಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಗಿದೆ. ಕೈ ಖಾಲಿಯಿದ್ದಾಗ ಅದೇ ರೈತರ ಬುದ್ಧಿಯ ಚುರುಕು ಇಳಿದಿತ್ತು, ಹಣ ಬಂದ ಮೇಲೆ ಏರಿತ್ತು. ದಡ್ಡತನದಿಂದ ಬಡತನ ಬಂತೆಂದು ನಾವು ಓದುತ್ತಿದ್ದ ಸಾಲನ್ನು ಬಲದಿಂದ ಎಡಕ್ಕೆ ಓದಬೇಕಿತ್ತು.

ಕೊನೆಯದಾಗಿ ಮಂಗನ ಕಾಯಿಲೆ, ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರುವ ಜ್ವರ. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ. ಊರಿನ ಹೆಸರೇ ರೋಗದ ಹೆಸರಾಗಿ ಜಗತ್ತಿಗೆ ಹೋಯಿತು. 2019ರ ಬೇಸಿಗೆಯ ಹೊತ್ತಿಗೆ ನಮ್ಮ ತಾಲ್ಲೂಕಿನ ಅರಳಗೋಡಿನ ಸುತ್ತ ಸಾವುಗಳಾದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಕಾಡಿಗೆ ಹೋಗಬೇಡಿ ಎಂದರೂ ಕೇಳುವುದಿಲ್ಲ, ಉಣುಗು ಕಚ್ಚದಿರಲೆಂದು ಡಿಎಂಪಿ ಎಣ್ಣೆ ಕೊಟ್ಟರೂ ಹಚ್ಚಿಕೊಳ್ಳುವುದಿಲ್ಲ." ನಾನೂ ಅದನ್ನೇ ಹೇಳಿದೆ. ಹೇಳುವಾಗ ನಮ್ಮ ಕೊಟ್ಟಿಗೆಯ ಮುಂದೆಯೇ ನಿಂತಿದ್ದೆ. ದನಗಳ ಕಾಲಡಿಗೆ ಹಾಕಿದ್ದ ತರಗೆಲೆ ಅವತ್ತು ಬೆಳಿಗ್ಗೆ ಬಂದದ್ದು, ತಂದವಳು ಆ ಕೊನೆ ಇಳಿಸುವವನ ಹೆಂಡತಿ, ತರಲು ಹೇಳಿದವನು ನಾನು. ಉಣುಗು ಕಚ್ಚುವುದು ತರಗೆಲೆ ಗುಡಿಸುವವಳನ್ನು. ತರಗೆಲೆ ಗೊಬ್ಬರವಾಗಿ ಸೇರುವುದು ನಮ್ಮ ತೋಟಕ್ಕೆ. ಅವಳಿಗೆ ಕಾಯಿಲೆ ಬರಲಿಲ್ಲ, ಅದೃಷ್ಟ. ಬಂದಿದ್ದರೆ "ಹೇಳಿದರೂ ಕೇಳುವುದಿಲ್ಲ" ಎಂಬ ವಾಕ್ಯ ನನ್ನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ನಾನು ತಿದ್ದಿಕೊಂಡಿದ್ದೇನೆ ಎಂದು ಯಾರೂ ತಿಳಿಯಬಾರದು. ಈ ಸಲದ ಕೊಯ್ಲಿಗೆ ಅವನೇ ಬಂದ. ಈಗ ಅವನಿಗೂ ವಯಸ್ಸಾಗಿದೆ, ಮರದಿಂದ ಮರಕ್ಕೆ ಜೀಕುವಾಗ ಮೊದಲಿನ ಧೈರ್ಯವಿಲ್ಲ. ದಿನದ ಕೂಲಿ ಇಷ್ಟು ಎಂದ. ಐವತ್ತು ರೂಪಾಯಿ ಬಿಡು ಎಂದೆ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ, "ಆಗಲಿ ಬಿಡಿ ಸೆಕ್ರೆಟರಿಗಳೇ" ಎಂದ, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಇಳಿದ.