ರಾತ್ರಿ ಪಂದ್ಯಕ್ಕೆ ಎಷ್ಟು ಕೆಫೀನ್?

ಕೇಳುಗರಿಗೆ ನಮಸ್ಕಾರ.

ಒಳಾಂಗಣ ಫುಟ್‌ಬಾಲ್, ಅಂದರೆ ಫುಟ್ಸಾಲ್ ಆಡುವ ಕೆಲವರ ಬ್ಯಾಗಿನಲ್ಲಿ ಶೂ, ಸಾಕ್ಸ್ ಜೊತೆ ಈಗ ಇನ್ನೊಂದು ಸಾಮಾನೂ ಇರುತ್ತದೆ. ಎನರ್ಜಿ ಡ್ರಿಂಕ್, ಕೆಫೀನ್ ಮಾತ್ರೆ, ಇಲ್ಲವೇ ಕೆಫೀನ್ ಬೆರೆಸಿದ ಚ್ಯೂಯಿಂಗ್ ಗಮ್. ಇದರಿಂದ ಆಟಕ್ಕೆ ಉಪಯೋಗ ಇದೆಯಾ? ಇದೆ, ಆದರೆ ಸ್ವಲ್ಪ. ಆ ಸ್ವಲ್ಪಕ್ಕಾಗಿ ಏನು ಕಳೆದುಕೊಳ್ಳುತ್ತೇವೆ ಅನ್ನೋದನ್ನೂ ನೋಡಬೇಕು, ಅಲ್ವಾ?

ತಂಡಕ್ಕೆ ಐದೇ ಜನ. 20 ನಿಮಿಷದ ಎರಡು ಅವಧಿ. ಚೆಂಡು ಹೊರಗೆ ಹೋದರೆ ಗಡಿಯಾರ ನಿಲ್ಲುತ್ತದೆ. ಹಾಗಾಗಿ 40 ನಿಮಿಷದ ಆಟ ಮುಗಿಯುವಷ್ಟರಲ್ಲಿ ಒಂದು ಗಂಟೆ ದಾಟಿರುತ್ತದೆ. ಓಡು, ತಟ್ಟನೆ ನಿಲ್ಲು, ತಿರುಗು, ಮತ್ತೆ ಓಡು. ಹೊರಗೆ ಹೋದ ಚೆಂಡನ್ನು ನಾಲ್ಕು ಸೆಕೆಂಡಿನೊಳಗೆ ಆಟಕ್ಕೆ ಹಾಕಬೇಕು. ಕಾಲು ಸೋತರೆ ಬದಲಿ ಆಟಗಾರ ಇದ್ದಾನೆ. ತಲೆ ಸೋತರೆ ಮಾತ್ರ ಗೋಲು ಬಿದ್ದ ಮೇಲೇ ಗೊತ್ತಾಗೋದು.

ಕೆಫೀನ್ ಕೆಲಸ ಮಾಡುವುದು ಈ ತಲೆಯಲ್ಲೇ. ನಾವು ಎಚ್ಚರವಾಗಿದ್ದಷ್ಟೂ ಮೆದುಳಿನಲ್ಲಿ ಅಡಿನೋಸಿನ್ ಅನ್ನುವ ವಸ್ತು ಹೆಚ್ಚುತ್ತದೆ. ಅದು ತನ್ನ ಜಾಗದಲ್ಲಿ ಬಂದು ಕೂತರೆ ಸುಸ್ತು, ತೂಕಡಿಕೆ. ಕೆಫೀನ್ ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ ಆ ಜಾಗ ಹಿಡಿದುಬಿಡುತ್ತದೆ. ಸುಸ್ತು ಎಲ್ಲೂ ಹೋಗಿರುವುದಿಲ್ಲ, ಅದರ ಸುದ್ದಿ ತಲುಪುವುದು ತಡವಾಗುತ್ತದೆ, ಅಷ್ಟೇ.

ಪ್ರಮಾಣ ಹೇಳಿಬಿಡುತ್ತೇನೆ. ಕ್ರೀಡಾ ತಜ್ಞರು ಸಾಮಾನ್ಯವಾಗಿ ಹೇಳುವುದು ದೇಹದ ತೂಕದ ಪ್ರತಿ ಕಿಲೋಗೆ 3ರಿಂದ 6 ಮಿಲಿಗ್ರಾಂ, ಪಂದ್ಯಕ್ಕೆ ಸುಮಾರು ಒಂದು ಗಂಟೆ ಮೊದಲು. 60 ಕಿಲೋ ತೂಕದವರಿಗೆ 180 ಮಿಲಿಗ್ರಾಂನಿಂದ ಶುರು. 250 ಮಿಲಿಲೀಟರಿನ ಎನರ್ಜಿ ಡ್ರಿಂಕ್ ಡಬ್ಬಿಯಲ್ಲಿ ಸಾಮಾನ್ಯವಾಗಿ 80 ಮಿಲಿಗ್ರಾಂ ಇರುತ್ತದೆ. ಕಾಫಿಯ ಲೆಕ್ಕ ನಂಬುವ ಹಾಗಿಲ್ಲ, ಒಂದೊಂದು ಲೋಟಕ್ಕೆ ಒಂದೊಂದು ಥರ. ಗಮ್‌ನಲ್ಲಿರುವುದು ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಇಳಿಯುವುದರಿಂದ ಬೇಗ ಮುಟ್ಟುತ್ತದೆ. ಅಂದ ಹಾಗೆ, ಇದು ನಿಷೇಧಿತ ವಸ್ತುವಲ್ಲ. 2004ರಲ್ಲೇ ವಾಡಾ, ಅಂದರೆ ಉದ್ದೀಪನ ಮದ್ದು ತಡೆ ಸಂಸ್ಥೆ, ಇದನ್ನು ಪಟ್ಟಿಯಿಂದ ತೆಗೆದಿದೆ. ಬಳಕೆಯ ಮೇಲೆ ಒಂದು ಕಣ್ಣು ಮಾತ್ರ ಇಟ್ಟಿದೆ.

ಜಾಸ್ತಿ ತೊಗೊಂಡರೆ ಜಾಸ್ತಿ ಲಾಭ ಅಂದುಕೊಳ್ಳಬೇಡಿ. ಕಿಲೋಗೆ 9 ಮಿಲಿಗ್ರಾಂ ಆದರೆ ಲಾಭ ಏರುವುದಿಲ್ಲ, ತೊಂದರೆ ಏರುತ್ತದೆ. ಎದೆ ಡವಡವ, ಹೊಟ್ಟೆ ಗುಳುಗುಳು, ಬೆರಳು ಸಣ್ಣಗೆ ನಡುಕ. ಫುಟ್ಸಾಲ್‌ನಲ್ಲಿ ಬಂದ ಚೆಂಡನ್ನು ಅಂಗಾಲಿನ ಕೆಳಗೆ ಮೆತ್ತಗೆ ನಿಲ್ಲಿಸಬೇಕು. ಮೈಯೆಲ್ಲಾ ಆತುರವಾಗಿದ್ದರೆ ಅದು ಗೇಣುದ್ದ ಮುಂದೆ ಜಾರುತ್ತದೆ, ಎದುರಾಳಿಗೆ ಅಷ್ಟೇ ಸಾಕು. ಅದನ್ನು ವಾಪಸ್ ಕಸಿಯಲು ನುಗ್ಗಿದಿರೋ, ಫೌಲ್. ಒಂದು ಅವಧಿಯಲ್ಲಿ ತಂಡದ ಲೆಕ್ಕಕ್ಕೆ ಸೇರುವ ಫೌಲ್‌ಗಳು ಆರಾದರೆ, ಆಟಗಾರರು ಗೋಡೆಯ ಹಾಗೆ ಸಾಲಾಗಿ ಅಡ್ಡ ನಿಲ್ಲಲೂ ಬಿಡದೆ ಎದುರಾಳಿಗೆ ಫ್ರೀ ಕಿಕ್ ಸಿಗುತ್ತದೆ.

ನನಗೆ ದೊಡ್ಡ ತಕರಾರು ಇರುವುದು ನಿದ್ದೆಯ ವಿಷಯದಲ್ಲಿ. ಹವ್ಯಾಸಿಗಳ ಪಂದ್ಯ ಹೆಚ್ಚಾಗಿ ಕೆಲಸ ಮುಗಿದ ಮೇಲೆ, ರಾತ್ರಿ. ಒಳಗೆ ಹೋದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಏಳು ಗಂಟೆಗೆ ತೊಗೊಂಡ 180ರಲ್ಲಿ ಮಧ್ಯರಾತ್ರಿಗೂ 90ರಷ್ಟು ಉಳಿದಿರುತ್ತದೆ. ಕೆಲವರಿಗೆ ಇದು ಬೇಗ ಕರಗುತ್ತದೆ, ಕೆಲವರಿಗೆ ನಿಧಾನ. ಗರ್ಭನಿರೋಧಕ ಮಾತ್ರೆ ತೊಗೊಳ್ಳುವ ಆಟಗಾರ್ತಿಯರಲ್ಲಿ ಇನ್ನೂ ನಿಧಾನ. ನಿದ್ದೆಗೆಟ್ಟು ಮಾರನೇ ದಿನ ಮಂಕಾಗಿ, ಅದಕ್ಕೆ ಮತ್ತೆ ಕೆಫೀನ್. ಹೀಗೇ ಸುತ್ತು.

ಹಾಗಾಗಿ ಫೈನಲ್ ಥರದ ಪಂದ್ಯಕ್ಕೆ ಇಟ್ಟುಕೊಳ್ಳಿ. ಅದನ್ನೂ ಮೊದಲು ಅಭ್ಯಾಸದ ದಿನ, ಕಿಲೋಗೆ 3 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಯಲ್ಲಿ ನೋಡಿ. ಹೃದಯದ ತೊಂದರೆ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ. ಶಾಲಾ ಮಕ್ಕಳ ತಂಡಕ್ಕಂತೂ ಇದು ಬೇಡವೇ ಬೇಡ. ಶುದ್ಧ ಕೆಫೀನ್ ಪುಡಿಯನ್ನು ಯಾರೂ ಮನೆಗೆ ತರಬೇಡಿ. ಒಂದು ಟೀ ಚಮಚದಲ್ಲೇ 3000 ಮಿಲಿಗ್ರಾಂ ದಾಟಬಹುದು, ಅದು ಜೀವಕ್ಕೇ ಅಪಾಯ.

ನಮಸ್ಕಾರ.