ಸಾವಿರ ಅಡಿ ಕೆಳಗೆ ಬೋರಲ್ಲಿ ನೀರು ಮುಗಿದದ್ದು ಮೇಲಿರುವ ಡಬ್ಬಕ್ಕೆ ಹೇಗೆ ಗೊತ್ತಾಗುತ್ತದೆ?

[ದೃಶ್ಯ: ಮುಳಬಾಗಿಲು ಹತ್ತಿರದ ಟೊಮೆಟೊ ತೋಟ. ಕಲ್ಲುಕಂಬಕ್ಕೆ ಕಟ್ಟಿದ ತಗಡಿನ ಡಬ್ಬ. ಒಳಗಿಂದ ‘ಟಕ್’ ಎಂಬ ಸದ್ದು.]

ಸದ್ದು ಕೇಳಿಸಿತಲ್ವಾ? ಈ ತೋಟದಲ್ಲಿ ಈಗ ನಾನು, ಕ್ಯಾಮೆರಾ ಹಿಡಿದ ನಮ್ಮ ಹುಡುಗ, ಆಮೇಲೆ ನಮ್ಮನ್ನು ಒಂದು ಚೂರೂ ನಂಬದ ಒಂದು ನಾಯಿ, ಇಷ್ಟೇ ಜನ. ಯಜಮಾನರು ಕೋಲಾರದ ಮಂಡಿಯಲ್ಲಿ ಹರಾಜಿಗೆ ನಿಂತಿದ್ದಾರೆ. ಅಲ್ಲಿಂದಲೇ ಒಂದು ಮಿಸ್ಡ್ ಕಾಲ್ ಕೊಟ್ಟರು, ಇಲ್ಲಿ ಮೋಟರ್ ಆನ್ ಆಯಿತು.

ಈ ಡಬ್ಬವೇ ಮೊಬೈಲ್ ಸ್ಟಾರ್ಟರ್, ಫೋನಿನಿಂದ ಮೋಟರ್ ಆನ್, ಆಫ್ ಮಾಡುವ ಸಾಧನ. ನಮ್ಮ ಕಡೆ ಇದು ಹೊಸದೇನಲ್ಲ. ಆದರೆ ಚಿಂತಾಮಣಿ ಕಡೆಯಿಂದ ಒಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. “ಅಣ್ಣ, ಫೋನ್ ಮಾಡಿದ್ರೆ ಆನ್ ಆಗೋದು ಬಿಡಿ, ಒಳಗೆ ಸಿಮ್ ಇದೆ. ಆದ್ರೆ ಬೋರಲ್ಲಿ ನೀರು ನಿಂತ್ರೆ ತಾನೇ ಆಫ್ ಆಗ್ತದಲ್ಲ, ಅದು ಹೆಂಗೆ? ನಾವು ಒಳಗಡೆ ಏನೂ ಸೆನ್ಸರ್ ಬಿಟ್ಟಿಲ್ಲ.”

ಒಳ್ಳೆ ಪ್ರಶ್ನೆ. ಇವತ್ತಿನ ವಿಡಿಯೋ ಪೂರ್ತಿ ಇದರ ಹಿಂದೆಯೇ.

ಮೊದಲು, ಈ ಡಬ್ಬ ಯಾಕೆ ಬೇಕಾಯಿತು ಎಂದು ಬೇಗ ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ 2008ರಿಂದ ಕರೆಂಟ್ ಉಚಿತ. ಉಚಿತ ಸರಿ, ಆದರೆ ಇಂಥ ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟ್ ದಿನವಿಡೀ ಬರುವುದಿಲ್ಲ. ಏಳು ಗಂಟೆ ಕೊಡುತ್ತೇವೆ ಎನ್ನುತ್ತಾರೆ, ಅದೂ ಪಾಳಿ ಪ್ರಕಾರ. ರಾತ್ರಿ ಪಾಳಿ ಬಂದರೆ ಟಾರ್ಚ್ ಹಿಡಿದು ಹೊರಡಬೇಕು. ಹಾವು, ಚೇಳು ಎಲ್ಲಾ ಕಡೆ ಇದ್ದದ್ದೇ. ಪಾವಗಡ, ಮಧುಗಿರಿ ಕಡೆಯಾದರೆ ಕರಡಿಯೂ ಬರಬಹುದು. ಒಂದು ತಮಾಷೆ ಕೇಳಿ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್‌ಗೆ, ಚಿನ್ನದ ಗಣಿಗೆ ಕರೆಂಟ್ ಬಂದಿತ್ತು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಬೆಂಗಳೂರಿಗಿಂತ ಮೊದಲು ಕರೆಂಟ್ ನೋಡಿದ ಜಿಲ್ಲೆಯವರು ನಾವು. ಇವತ್ತಿಗೂ “ಕರೆಂಟ್ ಬಂತಾ?” ಅಂತ ಕೇಳುತ್ತಲೇ ಇದ್ದೇವೆ.

ಫೋನಿನ ಭಾಗ ಸುಲಭ. ಡಬ್ಬದೊಳಗೆ ಒಂದು ಸಿಮ್ ಇದೆ. ನಿಮ್ಮ ನಂಬರ್ ಅದರಲ್ಲಿ ಮೊದಲೇ ಸೇರಿಸಿರುತ್ತಾರೆ. ನೀವು ರಿಂಗ್ ಕೊಟ್ಟರೆ ನಂಬರ್ ನೋಡಿ ಗುರುತು ಹಿಡಿಯುತ್ತದೆ, ರಿಲೇ ಅನ್ನುವ ಒಳಗಿನ ಸ್ವಿಚ್ಚನ್ನು ಒತ್ತುತ್ತದೆ. ಬೇರೆ ಯಾರೋ ರಿಂಗ್ ಕೊಟ್ಟರೆ ಸುಮ್ನೆ ಇರುತ್ತದೆ. ಕೆಲವು ಡಬ್ಬಗಳು ಕಾಲ್ ಎತ್ತಿ ಕನ್ನಡದಲ್ಲೇ ಮಾತಾಡುತ್ತವೆ. ಆನ್ ಮಾಡಲು 1 ಒತ್ತಿ, ಆಫ್ ಮಾಡಲು 2 ಒತ್ತಿ. ನೀವು 1 ಒತ್ತಿದಾಗ ಒಂದು ‘ಪೀಂ’ ಕೇಳುತ್ತದಲ್ವಾ? ಅದು ಒಂದು ಸ್ವರ ಅಲ್ಲ, ಎರಡು. ಸೆಕೆಂಡಿಗೆ 697 ಸಲ ಕಂಪಿಸುವುದೊಂದು, 1,209 ಸಲ ಕಂಪಿಸುವುದೊಂದು, ಎರಡೂ ಒಟ್ಟಿಗೆ. ಪ್ರತಿ ಅಂಕಿಗೂ ಬೇರೆ ಬೇರೆ ಜೋಡಿ. 1963ರಲ್ಲಿ ಅಮೆರಿಕದ ಟೆಲಿಫೋನ್ ಕಂಪನಿ ನಂಬರ್ ಒತ್ತುವುದಕ್ಕೆಂದು ತಂದ ಏರ್ಪಾಡು ಇದು. ಇವತ್ತು ಮುಳಬಾಗಿಲಿನಲ್ಲಿ ಟೊಮೆಟೊಗೆ ನೀರು ಬಿಡುತ್ತಿದೆ. ಪುಣೆಯ ಎಂಜಿನಿಯರ್ ಸಂತೋಷ್ ಓಸ್ತವಾಲ್ ಅವರ ‘ನ್ಯಾನೋ ಗಣೇಶ್’ ನಮ್ಮ ದೇಶದಲ್ಲಿ ಮೊದಮೊದಲು ಹೆಸರು ಮಾಡಿದ ಇಂಥ ಸಾಧನಗಳಲ್ಲಿ ಒಂದು. ಈಗ ಬೇಕಾದಷ್ಟು ಕಂಪನಿಗಳಿವೆ.

ಸರಿ, ಈಗ ಅಸಲಿ ಪ್ರಶ್ನೆ.

[ದೃಶ್ಯ: ಬೋರಿನ ಬಾಯಿ ಹತ್ತಿರದಿಂದ. ಕೇಸಿಂಗ್, ಪೈಪ್, ಪೈಪಿಗೆ ಕಟ್ಟಿದ ಚಪ್ಪಟೆ ಕೇಬಲ್.]

ಈ ರಂಧ್ರದೊಳಗೆ ಏನೇನು ಇಳಿದಿದೆ ನೋಡಿ. ಒಂದು ಪೈಪು, ಒಂದು ಕೇಬಲ್. ಕೇಬಲ್ ಒಳಗೆ ಮೂರು ತಂತಿ, ಮೂರು ಫೇಸಿಗೆ ಮೂರು. ತುದಿಯಲ್ಲಿ ಪಂಪು, ಅದರ ಕೆಳಗೆ ಮೋಟರ್. ಅಷ್ಟೇ. ನಾಲ್ಕನೇ ತಂತಿ ಇಲ್ಲ, ನೀರು ಮುಟ್ಟಿ ನೋಡುವ ಕಡ್ಡಿ ಇಲ್ಲ. ಅಂದರೆ ಕೆಳಗಿನ ಸುದ್ದಿ ಮೇಲಕ್ಕೆ ಬರಬೇಕಾದರೆ ಕರೆಂಟ್ ಹೋಗುವ ಆ ಮೂರು ತಂತಿಯಲ್ಲೇ ಬರಬೇಕು.

ಈಗ ನಿಮಗೊಂದು ಪ್ರಶ್ನೆ. ನೀರು ಮುಗಿದ ಮೇಲೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೋ, ಕಡಿಮೆಯೋ?

ನಾನು ಕೇಳಿದವರಲ್ಲಿ ಮುಕ್ಕಾಲು ಜನ “ಜಾಸ್ತಿ” ಅಂದರು. ನೀರಿಲ್ಲ, ಪಾಪ ಒದ್ದಾಡುತ್ತದೆ, ಅದಕ್ಕೇ ಸುಟ್ಟುಹೋಗುತ್ತದೆ ಅಂತ.

ಉಲ್ಟಾ. ಕಡಿಮೆ ಎಳೆಯುತ್ತದೆ.

ಸೇದುವ ಬಾವಿ ನೆನಪು ಮಾಡಿಕೊಳ್ಳಿ. ರಾಟೆ, ಹಗ್ಗ, ಕೊಡ. ಕೊಡ ತುಂಬಿ ಮೇಲೆ ಬರುತ್ತಿದ್ದರೆ ತೋಳಿಗೆ ಭಾರ ಗೊತ್ತಾಗುತ್ತದೆ. ಕುಣಿಕೆ ಜಾರಿ ಕೊಡ ಬಿದ್ದುಹೋಯಿತು ಅಂತಿಟ್ಟುಕೊಳ್ಳಿ. ಬಾವಿಗೆ ಬಗ್ಗಿ ನೋಡಬೇಕಾಗಿಲ್ಲ. ಹಗ್ಗ ಹಗುರಾಯಿತು, ಮುಗಿಯಿತು, ಕೈಗೆ ಗೊತ್ತಾಯಿತು. ಅಜ್ಜಿ ಕತ್ತಲಲ್ಲಿ ಸೇದುತ್ತಿದ್ದರೂ “ಅಯ್ಯೋ, ಕೊಡ ಹೋಯ್ತು!” ಅನ್ನುತ್ತಿದ್ದರು. ಕೊಡದಲ್ಲಿ ಅರ್ಧ ನೀರಿದೆಯಾ, ಮುಕ್ಕಾಲಿದೆಯಾ ಅನ್ನುವುದನ್ನೂ ಹಗ್ಗ ಹಿಡಿದೇ ಹೇಳುತ್ತಿದ್ದರು.

ಈ ಡಬ್ಬ ಹಿಡಿದಿರುವುದೂ ಅಂಥದ್ದೇ ಒಂದು ಹಗ್ಗವನ್ನು. ಮೋಟರ್ ಎಷ್ಟು ಭಾರ ಎತ್ತುತ್ತದೋ ಅದಕ್ಕೆ ತಕ್ಕ ಕರೆಂಟ್ ಎಳೆಯುತ್ತದೆ. ಸಾವಿರ ಅಡಿಯ ನೀರನ್ನು ಮೇಲಕ್ಕೆ ತಳ್ಳುವಾಗ 10 ಎಚ್‌ಪಿ ಮೋಟರ್ ಹತ್ತಿರ ಹತ್ತಿರ 15 ಆಂಪ್ಸ್ ತೆಗೆದುಕೊಳ್ಳುತ್ತದೆ. ನೀರು ನಿಂತರೆ ಪಂಪಿನ ಚಕ್ರಗಳು ಬರೀ ಗಾಳಿಯಲ್ಲಿ ತಿರುಗುತ್ತವೆ. ಎತ್ತುವುದಕ್ಕೆ ಏನೂ ಇಲ್ಲ. 15 ಇದ್ದದ್ದು 10ಕ್ಕೋ 9ಕ್ಕೋ ಇಳಿಯುತ್ತದೆ. ಸೊನ್ನೆಗೆ ಮಾತ್ರ ಇಳಿಯುವುದಿಲ್ಲ, ಯಾಕೆಂದರೆ ಮೋಟರ್ ಸುಮ್ನೆ ತಿರುಗುವುದಕ್ಕೂ ಸ್ವಲ್ಪ ಕರೆಂಟ್ ಬೇಕು. ಡಬ್ಬದಲ್ಲಿ “11ಕ್ಕಿಂತ ಕಡಿಮೆಯಾದರೆ ನಿಲ್ಲಿಸು” ಅಂತ ಸೆಟ್ ಮಾಡಿರುತ್ತಾರೆ. ನಿಲ್ಲಿಸುತ್ತದೆ. ಹೀಗೆ ನೀರಿಲ್ಲದೆ ಮೋಟರ್ ಓಡುವುದನ್ನೇ ‘ಡ್ರೈ ರನ್’ ಅನ್ನುವುದು.

ಹಾಗಾದರೆ ಕಡಿಮೆ ಕರೆಂಟ್ ಎಳೆಯುವ ಮೋಟರ್ ಸುಡುವುದು ಯಾಕೆ? ಬೋರ್ ಮೋಟರ್ ತಣ್ಣಗಿರುವುದೇ ಮೈ ಸವರಿಕೊಂಡು ಮೇಲೆ ಹೋಗುವ ನೀರಿನಿಂದ. ಪಂಪಿನ ಬೇರಿಂಗ್‌ಗಳಿಗೆ ಜಾರಿಕೆಯೂ ಆ ನೀರೇ. ನೀರು ನಿಂತರೆ ಎರಡೂ ಹೋಯಿತು. ಹಗುರವಾಗಿ, ಆರಾಮಾಗಿ ತಿರುಗುತ್ತಾ ತಿರುಗುತ್ತಾ ಬಿಸಿಯಾಗಿ ಹೋಗುತ್ತದೆ. ಆಮೇಲೆ ಪೈಪ್ ಎತ್ತುವ ಗಾಡಿ ಕರೆಸಿ, ಒಂದೊಂದೇ ಪೈಪ್ ಬಿಚ್ಚಿ, ಮೋಟರ್ ವೈಂಡಿಂಗ್ ಅಂಗಡಿಗೆ.

[ದೃಶ್ಯ: ಡಬ್ಬದ ಬಾಗಿಲು ತೆರೆದಿದೆ. ಆಯುಧಪೂಜೆಯ ಕುಂಕುಮ ಇನ್ನೂ ಇದೆ. ಕೆಂಪು, ಹಸಿರು ಬಟನ್. ಆಂಪ್ಸ್ ಮೀಟರಿನ ಮುಳ್ಳು.]

ಹತ್ತಿರ ಬಾ, ಇದನ್ನು ತೋರಿಸು. ಈ ಕಪ್ಪು ಬಳೆ ಕಾಣಿಸುತ್ತಿದೆಯಲ್ಲ, ಇದಕ್ಕೆ ಸಿಟಿ ಅನ್ನುತ್ತಾರೆ. ಮೋಟರಿಗೆ ಹೋಗುವ ತಂತಿ ಇದರ ನಡುವೆ ತೂರಿ ಹೋಗಿದೆ. ತಂತಿಯನ್ನು ಕತ್ತರಿಸಿಲ್ಲ, ಸುಲಿದಿಲ್ಲ. ತಂತಿಯ ಸುತ್ತ ಹುಟ್ಟುವ ಕಾಂತಕ್ಷೇತ್ರದಿಂದಲೇ ಬಳೆ ಕರೆಂಟ್ ಅಳೆಯುತ್ತದೆ. ಈಗ ಮುಳ್ಳು 15ರ ಹತ್ತಿರ ಇದೆ. ಇಲ್ಲಿ ಒಂದು ಆಟ ತೋರಿಸುತ್ತೇನೆ, ಯಜಮಾನರ ಒಪ್ಪಿಗೆ ಪಡೆದೇ. ಬೋರಲ್ಲಿ ನೀರು ಚೆನ್ನಾಗಿದೆ. ನಾನು ಈ ಗೇಟ್‌ವಾಲ್ವನ್ನು ನಿಧಾನವಾಗಿ ತಿರುಗಿಸುತ್ತಾ ಬರುತ್ತೇನೆ.

[ದೃಶ್ಯ: ವಾಲ್ವ್ ತಿರುಗುತ್ತದೆ. ಮುಳ್ಳು ಇಳಿಯುತ್ತದೆ. ‘ಟಕ್’. ಮೋಟರ್ ಆಫ್.]

ನೋಡಿದಿರಾ? ಕೆಳಗೆ ಬೇಕಾದಷ್ಟು ನೀರಿದೆ. ಆದರೂ ಡಬ್ಬ ‘ಡ್ರೈ ರನ್’ ಅಂತ ನಿಲ್ಲಿಸಿಬಿಟ್ಟಿತು. ನೀರು ಹೊರಗೆ ಹರಿಯುವುದು ಕಡಿಮೆಯಾದರೆ ಇಂಥ ಬೋರ್ ಪಂಪಿನ ಕೆಲಸವೂ ಕಡಿಮೆಯಾಗುತ್ತದೆ, ಆಂಪ್ಸ್ ಇಳಿಯುತ್ತದೆ. ಡಬ್ಬಕ್ಕೆ ನೀರು ಅಂದರೆ ಏನೆಂದೇ ಗೊತ್ತಿಲ್ಲ ಸ್ವಾಮಿ. ಅದಕ್ಕೆ ಗೊತ್ತಿರುವುದು ಭಾರ ಒಂದೇ.

ನನಗೆ ಈ ಇಡೀ ವಿಷಯದಲ್ಲಿ ಜಾಸ್ತಿ ಇಷ್ಟವಾಗಿದ್ದು ಇದೇ, ಅದಕ್ಕೆ ಇನ್ನೂ ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ. ಡ್ರಿಪ್ ಇರುವ ತೋಟದಲ್ಲಿ ಬೋರಿನ ನೀರು ನೇರವಾಗಿ ಫಿಲ್ಟರಿಗೆ ಹೋಗುತ್ತದೆ. ಫಿಲ್ಟರ್ ಜಾಲರಿಯಲ್ಲಿ ಮಣ್ಣು, ಪಾಚಿ ಕಟ್ಟಿದರೆ ಅದು ಅರ್ಧ ಮುಚ್ಚಿದ ವಾಲ್ವೇ. ಮುಳ್ಳು ಇಳಿಯುತ್ತದೆ, ಡಬ್ಬ ನಿಲ್ಲಿಸುತ್ತದೆ, ನಿಮ್ಮ ಫೋನಿಗೆ ‘ಡ್ರೈ ರನ್’ ಅಂತ ಮೆಸೇಜ್ ಬರುತ್ತದೆ. ಮನೆಯಲ್ಲಿ ಎಲ್ಲರ ಮುಖ ಬಾಡುತ್ತದೆ. “ಬೋರ್ ಹೋಯ್ತು ಕಣಪ್ಪಾ.” ಮಾರನೇ ದಿನ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರು ಬರುತ್ತಾರೆ. ಅವರ ಹಿಂದೆ ಬೋರ್ ಲಾರಿ. ಲಾರಿಯವರಿಗೆ ಫೋನ್ ಮಾಡುವ ಮೊದಲು ದಯವಿಟ್ಟು ಫಿಲ್ಟರ್ ಬಿಚ್ಚಿ ತೊಳೆಯಿರಿ. ಡ್ರಿಪ್ ಪೈಪ್ ಬಿಚ್ಚಿ, ನೀರನ್ನು ಹೊರಗೆ ಬಿಟ್ಟು ಒಮ್ಮೆ ಓಡಿಸಿ. ಆಂಪ್ಸ್ ಮೇಲೆ ಬಂತಾ? ಹಾಗಾದರೆ ತಪ್ಪು ಬೋರಿನದ್ದಲ್ಲ.

ನಿಜವಾಗಿಯೂ ನೀರು ಬಿಟ್ಟು ಬಿಟ್ಟು ಬರುವ ಬೋರುಗಳೂ ನಮ್ಮಲ್ಲಿ ಜಾಸ್ತಿ. ಅಂಥ ಕಡೆ ಡ್ರೈ ರನ್ ಟೈಮರ್ ಇಡುತ್ತಾರೆ. ಮೋಟರ್ ನಿಂತು, ಒಂದು ಗಂಟೆಯೋ ಎರಡು ಗಂಟೆಯೋ ಕಾದು, ನೀರು ಊರಿದ ಮೇಲೆ ತಾನೇ ಮತ್ತೆ ಶುರುವಾಗುತ್ತದೆ. ಇದನ್ನು ರಾತ್ರಿಯೆಲ್ಲಾ ಎದ್ದು ಎದ್ದು ಕೈಯಲ್ಲಿ ಮಾಡುತ್ತಿದ್ದವರು ಇದ್ದಾರೆ. ಅವರನ್ನು ಕೇಳಿ, ಈ ಡಬ್ಬದ ಬೆಲೆ ಏನೆಂದು ಹೇಳುತ್ತಾರೆ.

ಸಮಯ ಆಗುತ್ತಿದೆ ಅಂತ ನಮ್ಮ ಹುಡುಗ ಕೈ ತೋರಿಸುತ್ತಿದ್ದಾನೆ. ಆದರೂ ಆಟೋ ಮೋಡ್ ಬಗ್ಗೆ ಹೇಳದೆ ಬಿಡುವುದಿಲ್ಲ. ಕರೆಂಟ್ ಬಂದ ತಕ್ಷಣ ಮೋಟರ್ ತಾನೇ ಆನ್ ಆಗಲಿ ಅಂತ ಎಲ್ಲರೂ ಆಟೋಗೆ ಹಾಕಿ ಮಲಗುತ್ತಾರೆ. ಲೆಕ್ಕ ಹಾಕೋಣ. ಒಂದು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, 100 ಕೆವಿಎ. ಅದು ಕೊಡಬಹುದಾದ್ದು ಸುಮಾರು 139 ಆಂಪ್ಸ್. ಅದಕ್ಕೆ ಎಂಟು ಮೋಟರ್, ತಲಾ 15 ಆಂಪ್ಸ್, ಒಟ್ಟು 120. ಸರಿಹೋಯಿತು. ಆದರೆ ಮೋಟರ್ ನಿಂತಲ್ಲಿಂದ ಏಳುವಾಗ ಒಂದೆರಡು ಸೆಕೆಂಡ್ ಆರು ಪಟ್ಟು ಕರೆಂಟ್ ಎಳೆಯಬಹುದು. ಎಂಟೂ ಒಟ್ಟಿಗೆ ಎದ್ದರೆ 720! ವೋಲ್ಟೇಜ್ ಕುಸಿಯುತ್ತದೆ, ಒಂದು ಮೋಟರೂ ಸರಿಯಾಗಿ ಏಳುವುದಿಲ್ಲ, ಫ್ಯೂಸ್ ಹಾರುತ್ತದೆ. ಇದೇ ದಿನಾ ನಡೆದರೆ ಟಿಸಿಯೇ ಸುಟ್ಟು ಹೋಗುತ್ತದೆ. ಆಮೇಲೆ ಹೊಸ ಟಿಸಿಗೆ ಓಡಾಡುವ ಕಥೆ ನಿಮಗೆ ನಾನು ಹೇಳಬೇಕಾ?

ಇದಕ್ಕೆ ಮದ್ದು ಡಬ್ಬದಲ್ಲೇ ಇದೆ. ‘ಆನ್ ಡಿಲೇ’ ಅಂತ ಒಂದು ಸೆಟ್ಟಿಂಗ್. ಕರೆಂಟ್ ಬಂದ ಮೇಲೆ ನಿಮ್ಮದು 20 ಸೆಕೆಂಡಿಗೆ, ಪಕ್ಕದವರದು 40ಕ್ಕೆ, ಅದರಾಚೆಯವರದು 60ಕ್ಕೆ. ಒಂದು ಟಿಸಿಯವರೆಲ್ಲಾ ಒಂದು ಸಂಜೆ ಅರಳಿಕಟ್ಟೆ ಮೇಲೆ ಕೂತು ಹಂಚಿಕೊಂಡರೆ ಆಯಿತು. ಆಗುತ್ತಿಲ್ಲ. ಯಾಕೆಂದರೆ ಮೊದಲು ಎದ್ದ ಮೋಟರಿಗೆ ಒಳ್ಳೆ ವೋಲ್ಟೇಜ್ ಸಿಗುತ್ತದೆ ಅಂತ ಎಲ್ಲರಿಗೂ ಗೊತ್ತು. ಎಲ್ಲರೂ ಸೊನ್ನೆಗೇ ಇಡುತ್ತಾರೆ. ಬದುವಿನ ಜಗಳಕ್ಕೆ ಪಂಚಾಯಿತಿ ಸೇರಿಸುವವರು ಇದಕ್ಕೆ ಯಾಕೆ ಸೇರುವುದಿಲ್ಲವೋ ನಾನು ಕಾಣೆ.

ಉಳಿದದ್ದು ಪಟಪಟ. ಮೂರರಲ್ಲಿ ಒಂದು ಫೇಸ್ ಹೋದರೆ ಉಳಿದ ಎರಡು ತಂತಿಯ ಮೇಲೆ ಸುಮಾರು 1.73 ಪಟ್ಟು ಕರೆಂಟ್ ಬೀಳಬಹುದು, ಕಾಯಿಲ್ ಸುಡುತ್ತದೆ. ಒಳ್ಳೆ ಡಬ್ಬ ಅದನ್ನೂ ನೋಡಿ ನಿಲ್ಲಿಸುತ್ತದೆ. ಕಂಡೆನ್ಸರ್ ಹಾಕಿ ಸಿಂಗಲ್ ಫೇಸಲ್ಲಿ ತ್ರೀ ಫೇಸ್ ಮೋಟರ್ ಓಡಿಸುವ ಹುಷಾರಿಗಳಿಗೆ ಒಂದು ಮಾತು: ನಿಮ್ಮ ಮೋಟರ್ ಆಯಸ್ಸೂ ಹೋಗುತ್ತದೆ, ಊರಿನ ಮನೆಗಳ ಲೈಟೂ ಮಂಕಾಗುತ್ತದೆ. ಹಳೇ ಡಬ್ಬಗಳಲ್ಲಿ ಎಷ್ಟೋ 2ಜಿಯವು. ಜಿಯೋದಲ್ಲಿ 2ಜಿ ಇಲ್ಲ, ಆ ಸಿಮ್ ಹಾಕಿ “ಕೆಲಸ ಮಾಡ್ತಿಲ್ಲ” ಅಂತ ಅಂಗಡಿಯವರ ಹತ್ತಿರ ಜಗಳ ಮಾಡಬೇಡಿ. ಹೊಸದು ಕೊಳ್ಳುವವರು 4ಜಿ ಕೇಳಿ. ಡಬ್ಬಕ್ಕೆ ಕೇಬಲ್ ಹೋಗುವ ತೂತನ್ನು ಮುಚ್ಚಿ, ಹಲ್ಲಿ, ಇರುವೆ ಒಳಗೆ ಹೋಗಿ ಕಾಂಟ್ಯಾಕ್ಟ್ ನಡುವೆ ಸಿಕ್ಕಿಕೊಳ್ಳುತ್ತವೆ. ಅರ್ಥಿಂಗ್ ಸರಿಯಿರಲಿ. ಬಾಗಿಲು ತೆರೆಯುವ ಮೊದಲು ಮೇನ್ ತೆಗೆಯಿರಿ. ನಂಬರ್ ಸೇರಿಸಿರುವ ಮನೆಯವರು ಯಾರಾದರೂ ದೂರದಿಂದ ಮಿಸ್ಡ್ ಕಾಲ್ ಕೊಟ್ಟರೂ ಆನ್ ಆಗುವ ವಸ್ತು ಇದು, ಮರೆಯಬೇಡಿ.

ಸೋಲಾರ್ ಬಗ್ಗೆಯೂ ಕೇಳಿದ್ದೀರಿ. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಕುಸುಮ್ ಸಿ ಯೋಜನೆಯಲ್ಲಿ ಪಂಪ್‌ಸೆಟ್ ಲೈನುಗಳಿಗೇ ಸೋಲಾರ್ ಜೋಡಿಸಿ ಹಗಲು ಕರೆಂಟ್ ಕೊಡುವ ಕೆಲಸ ಗೌರಿಬಿದನೂರು ಕಡೆ ಶುರುವಾಗಿದೆ. ಹಗಲು ಕರೆಂಟ್ ಬಂದರೆ ಟಾರ್ಚ್ ಬೇಕಾಗುವುದಿಲ್ಲ, ಡ್ರೈ ರನ್ ಕಾವಲು ಮಾತ್ರ ಆಗಲೂ ಬೇಕು. ಕೋಲಾರ ಜಿಲ್ಲೆ ಅಂತರ್ಜಲ ಅತಿಯಾಗಿ ಬಳಕೆಯಾದ ಪಟ್ಟಿಯಲ್ಲಿದೆ. ಆಟೋಗೆ ಹಾಕಿ ಏಳು ಗಂಟೆಯೂ ಓಡಿಸುವವರ ಬಗ್ಗೆ ನನಗೊಂದು ಅಭಿಪ್ರಾಯ ಇದೆ, ಹೇಳಿದರೆ ಇನ್ನೊಂದು ವಿಡಿಯೋ ಆಗುತ್ತದೆ.

ಚಿಂತಾಮಣಿಯವರೇ, ನಿಮಗೊಂದು ಕೆಲಸ. ಹೊಸ ಮೋಟರ್ ಬಿಟ್ಟ ದಿನ, ನೀರು ಪೂರ್ತಿ ಬರುವಾಗ ಮುಳ್ಳು ಎಲ್ಲಿದೆಯೋ ಆ ಆಂಪ್ಸನ್ನು ಡಬ್ಬದ ಬಾಗಿಲ ಒಳಗೆ ಪೇಂಟಲ್ಲಿ ಬರೆಯಿರಿ. ಡ್ರೈ ರನ್ ಎಷ್ಟಕ್ಕೆ ಸೆಟ್ ಮಾಡಬೇಕು ಅನ್ನುವುದು ಆ ಅಂಕಿ ಮೇಲೆ ನಿಂತಿದೆ. ಫಿಟ್ ಮಾಡುವ ಹುಡುಗರು ಎಷ್ಟೋ ಸಲ ಕಂಪನಿಯ ಅಂದಾಜಿನ ಅಂಕಿಯನ್ನೇ ಬಿಟ್ಟು ಹೋಗುತ್ತಾರೆ. ಈಗಾಗಲೇ ಬರೆದಿರುವವರು ಬೋರಿನ ಆಳ, ಎಚ್‌ಪಿ, ಆಂಪ್ಸ್ ಮೂರನ್ನೂ ಕಾಮೆಂಟಲ್ಲಿ ಹಾಕಿ. ನಾಯಿ ಹತ್ತಿರ ಬರುತ್ತಿದೆ, ನಾವು ಹೊರಟೆವು.